ಒಂದು ಮಾತು ಹೇಳಲೇ?



ನಮ್ಮಲ್ಲಿ ಒಂದು ರೂಢಿಯ ಮಾತಿದೆ. ಯಾರದಾದರೂ ತಪ್ಪನ್ನು ಎತ್ತಿ ತೋರಿಸುವ ಮೊದಲು ನಾವು ಹೀಗೆ ಶುರು ಮಾಡುತ್ತೇವೆ: "ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ." ಮನೆಯಲ್ಲಿ ಈ ಮಾತು ಕೇಳುತ್ತೇವೆ. ಕಚೇರಿಯಲ್ಲಿ ಕೇಳುತ್ತೇವೆ. ಸಹಕಾರ ಸಂಘದ ಸಭೆಯಲ್ಲಿ, ಮದುವೆ ಮನೆಯ ಜಗಲಿಯಲ್ಲಿ ಕೇಳುತ್ತೇವೆ. ಒಳ್ಳೆಯ ಮಾತೇ. ಆದರೆ ಅದನ್ನು ಆಡಿದ ಮೇಲೆ ನಾವು ಕಾಯುವುದಿಲ್ಲ. ಎದುರಿಗಿದ್ದವರು "ಹೇಳಿ" ಅನ್ನುವಷ್ಟರಲ್ಲಿ ಹೇಳಿ ಮುಗಿಸಿರುತ್ತೇವೆ.

ಸುಮಾರು 2500 ವರ್ಷಗಳ ಹಿಂದೆ ಒಂದು ಸಮುದಾಯ ಆ ಕಾಯುವುದನ್ನೇ ನಿಯಮ ಮಾಡಿಕೊಂಡಿತು. ಅದು ಬುದ್ಧನ ಭಿಕ್ಷು ಸಂಘ. ಅಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಳಬೇಕಾದರೆ ಮೊದಲು ಅವಕಾಶ ಕೇಳಬೇಕಿತ್ತು. ಅವಕಾಶ ಸಿಕ್ಕ ಮೇಲೆಯೇ ಮಾತು. ಪಾಲಿ ಭಾಷೆಯಲ್ಲಿ ಇದಕ್ಕೆ 'ಓಕಾಸ' ಎಂದು ಹೆಸರು. ನಮ್ಮ ಅವಕಾಶವೇ ಅದು.

ಈ ಹೊತ್ತು ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಒಟ್ಟಿಗೆ ಬಾಳುವ ಜನರ ನಡುವೆ ಸೌಜನ್ಯ ಉಳಿಯಬೇಕಾದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಲದು. ತಿದ್ದುವ ಮಾತಿಗೆ ಒಂದು ದಾರಿ ಮಾಡಿಕೊಡಬೇಕು. ಬುದ್ಧನ ಸಂಘ ಆ ದಾರಿಯನ್ನು ಕಂಡುಕೊಂಡದ್ದು ಸುಲಭವಾಗಿ ಅಲ್ಲ. ಬಹಳ ನೊಂದು, ಒಡೆದು, ಮತ್ತೆ ಕೂಡಿ ಕಂಡುಕೊಂಡಿತು.

ಆ ನೋವಿನ ಕಥೆಯಿಂದಲೇ ಶುರು ಮಾಡುತ್ತೇನೆ. ಅದು ಒಂದು ಚೊಂಬು ನೀರಿನ ಕಥೆ.

ಕೌಶಾಂಬಿ ಯಮುನೆಯ ದಡದ ಊರು. ಇಂದಿನ ಪ್ರಯಾಗರಾಜ್‌ನಿಂದ ಸುಮಾರು 50 ಕಿಲೋಮೀಟರ್ ದೂರ. ಅಲ್ಲಿ ಘೋಷಿತಾರಾಮ ಎಂಬ ವಿಹಾರವಿತ್ತು. ವಿಹಾರದಲ್ಲಿ ಇಬ್ಬರು ಹಿರಿಯ ಭಿಕ್ಷುಗಳಿದ್ದರು. ಒಬ್ಬರು ವಿನಯ ಬಲ್ಲವರು. ವಿನಯ ಎಂದರೆ ಸಂಘದ ನಿಯಮಗಳು. ಅವರಿಗೆ ಅವೆಲ್ಲ ಬಾಯಿಪಾಠ. ಇನ್ನೊಬ್ಬರು ಧರ್ಮಪ್ರವಚನಕಾರರು. ಇಬ್ಬರಿಗೂ ದೊಡ್ಡ ಶಿಷ್ಯಬಳಗ.

ಪಾಲಿಯ ವ್ಯಾಖ್ಯಾನ ಗ್ರಂಥಗಳು ಹೇಳುವಂತೆ, ಒಂದು ದಿನ ಪ್ರವಚನಕಾರರು ಶೌಚಕ್ಕೆ ಹೋದರು. ಬಳಸಿ ಮಿಕ್ಕ ನೀರನ್ನು ಪಾತ್ರೆಯಲ್ಲೇ ಬಿಟ್ಟು ಬಂದರು. ಹಾಗೆ ನೀರು ಉಳಿಸಬಾರದು ಎಂಬುದು ಸಂಘದ ಒಂದು ಸಣ್ಣ ನಿಯಮ. ನಮ್ಮ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು. "ತಂಬಿಗೆ ಬೋರಲು ಹಾಕೋ ಮಗಾ" ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಹಿಂದೆ ಬರುವವರಿಗೆ ಚೊಕ್ಕ ಪಾತ್ರೆ ಸಿಗಲಿ ಎಂಬ ಕಾಳಜಿ, ಅಷ್ಟೇ.

ಹಿಂದೆಯೇ ಬಂದ ವಿನಯಜ್ಞರು ಆ ನೀರು ನೋಡಿದರು. ನೀವೇ ಬಿಟ್ಟದ್ದೇ ಎಂದು ಕೇಳಿದರು. ಹೌದು ಎಂದರು ಪ್ರವಚನಕಾರರು. ಅದು ತಪ್ಪೆಂದು ಗೊತ್ತಿಲ್ಲವೇ ಎಂದು ವಿನಯಜ್ಞರು ಕೇಳಿದರು. ಗೊತ್ತಿರಲಿಲ್ಲ, ತಪ್ಪಾದರೆ ಒಪ್ಪಿಕೊಳ್ಳುತ್ತೇನೆ ಎಂದು ಇವರು ಹೇಳಿದರು. ಬೇಕೆಂದು ಮಾಡದಿದ್ದರೆ ತಪ್ಪೇನಲ್ಲ ಬಿಡಿ ಎಂದು ಅವರು ಹೇಳಿದರು. ಮಾತು ಅಲ್ಲಿಗೆ ಮುಗಿಯಿತು.

ಮುಗಿಯಬೇಕಿತ್ತು. ಆದರೆ ವಿನಯಜ್ಞರು ತಮ್ಮ ಶಿಷ್ಯರ ಬಳಿ ಹೋಗಿ, ಆ ಪ್ರವಚನಕಾರರು ತಪ್ಪು ಮಾಡಿದ್ದಾರೆ, ಅದು ಅವರಿಗೆ ಗೊತ್ತೂ ಇಲ್ಲ ಎಂದರು. ಈ ಶಿಷ್ಯರು ಆ ಶಿಷ್ಯರಿಗೆ ಚುಚ್ಚಿದರು. ಆ ಶಿಷ್ಯರು ತಮ್ಮ ಗುರುಗಳಿಗೆ ಮುಟ್ಟಿಸಿದರು. ಗುರುಗಳಿಗೆ ಸಿಟ್ಟು ಬಂತು. ನನ್ನೆದುರು ತಪ್ಪಲ್ಲ ಎಂದವರು ಈಗ ತಪ್ಪು ಎನ್ನುತ್ತಿದ್ದಾರೆ, ಹಾಗಾದರೆ ಸುಳ್ಳುಗಾರರು ಅವರೇ ಎಂದುಬಿಟ್ಟರು.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಜಗಳ ಹತ್ತಿಕೊಂಡದ್ದು ಮಾತು ಬಲ್ಲ ಇಬ್ಬರ ನಡುವೆಯೇ. ಒಬ್ಬರಿಗೆ ನಿಯಮ ಗೊತ್ತು, ಇನ್ನೊಬ್ಬರಿಗೆ ಧರ್ಮ ಗೊತ್ತು. ಮುಖಾಮುಖಿಯಾಗಿ ತೀರಿದ್ದ ಸಂಗತಿಗೆ ಬೆನ್ನ ಹಿಂದೆ ಮತ್ತೆ ಜೀವ ಬಂತು.

ಮುಂದೆ ಆದದ್ದು ನೀವು ಊಹಿಸಬಹುದಾದದ್ದೇ. ವಿನಯಜ್ಞರ ಕಡೆಯವರು ಸಭೆ ಸೇರಿ ಪ್ರವಚನಕಾರರನ್ನು ಸಂಘದ ಕಲಾಪಗಳಿಂದ ಹೊರಗಿಟ್ಟರು. ಸಂಘ ಎರಡು ಪಾಲಾಯಿತು. ಭಿಕ್ಷೆ ನೀಡುವ ಊರವರೂ ಎರಡು ಪಾಲಾದರು. ಊಟದ ಜಾಗದಲ್ಲಿ ಬಿರುನುಡಿ, ಕೊನೆಗೆ ಕೈ ಕೈ ಮಿಲಾಯಿಸುವವರೆಗೂ ಹೋಯಿತು. ಆಗ ಬುದ್ಧ ಒಂದು ಸರಳ ಏರ್ಪಾಡು ಮಾಡಿದ. ಇಂಥ ಹೊತ್ತಿನಲ್ಲಿ ನಡುವೆ ಒಂದೊಂದು ಆಸನ ಬಿಟ್ಟು ಕೂರಬೇಕು ಎಂದ. ಕೈಗೆ ಕೈ ಎಟುಕದಿದ್ದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಬುದ್ಧ ಎರಡೂ ಕಡೆಯವರ ಬಳಿ ಹೋಗಿದ್ದ. ಹೊರಗಿಟ್ಟವರಿಗೆ ಒಂದು ಮಾತು ಹೇಳಿದ. ನಿಮಗೆ ತಪ್ಪೆಂದು ಕಂಡಿತು ಎಂಬಷ್ಟಕ್ಕೇ ಒಬ್ಬನನ್ನು ಹೊರಗಿಡಬೇಡಿ, ಅದರಿಂದ ಸಂಘ ಎಷ್ಟು ಒಡೆಯುತ್ತದೆ ಎಂದು ಮೊದಲು ತೂಗಿ ನೋಡಿ ಎಂದ. ಹೊರಗಾದವರ ಕಡೆಗೂ ಒಂದು ಮಾತು ಹೇಳಿದ. ನಿಮಗೆ ತಪ್ಪಲ್ಲವೆಂದು ಕಂಡರೂ, ತಿಳಿದವರಾದ ನಾಲ್ಕು ಜನ ತಪ್ಪು ಎನ್ನುವಾಗ, ಅವರ ಮೇಲಿನ ನಂಬಿಕೆಯಿಂದ ಒಪ್ಪಿಕೊಂಡುಬಿಡಿ ಎಂದ. ಯಾರು ಸರಿ ಎಂಬ ತೀರ್ಪು ಕೊಡಲಿಲ್ಲ. ಇಬ್ಬರಿಗೂ ಒಂದೊಂದು ಹೆಜ್ಜೆ ಹಿಂದಿಡಲು ದಾರಿ ತೋರಿಸಿದ.

ಯಾರೂ ಹೆಜ್ಜೆ ಹಿಂದಿಡಲಿಲ್ಲ. ನೀವು ನಿಮ್ಮ ಪಾಡಿಗೆ ಸುಖವಾಗಿರಿ, ಈ ಜಗಳ ನಮಗಿರಲಿ ಎಂದು ಗುರುವಿಗೇ ಹೇಳಿದರು. ಬುದ್ಧ ತನ್ನ ಭಿಕ್ಷಾಪಾತ್ರೆ ಹಿಡಿದು, ಒಬ್ಬನೇ ಅಲ್ಲಿಂದ ನಡೆದ.

ಇಲ್ಲಿಯವರೆಗೆ ಕೇಳಿದ್ದು ಮಾತು ಕೆಟ್ಟ ಬಗೆ. ಎದುರಿಗೆ ಮುಗಿದ ಮಾತು ಬೆನ್ನ ಹಿಂದೆ ಬೆಳೆಯಿತು. ಹಾಗಾದರೆ ಮಾತೇ ಬೇಡ, ಮೌನವೇ ಮೇಲು ಎನ್ನಿಸುತ್ತದೆಯೇ? ಈಗ ಆ ಪ್ರಶ್ನೆಗೆ ಬರೋಣ.

ಕೌಶಾಂಬಿಯಿಂದ ಹೊರಟ ಬುದ್ಧ ದಾರಿಯಲ್ಲಿ ಒಂದು ವನಕ್ಕೆ ಹೋದ. ಅಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳು ಹಾಲು ನೀರು ಬೆರೆತ ಹಾಗೆ ಬಾಳುತ್ತಿದ್ದರು. ಅವರ ದಿನಚರಿಯನ್ನು ವಿನಯ ಗ್ರಂಥ ಬಿಡಿಸಿ ಹೇಳುತ್ತದೆ. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಸುತ್ತಿದ್ದರು. ಕೊನೆಗೆ ಬಂದವರು ಗುಡಿಸುತ್ತಿದ್ದರು. ಕುಡಿಯುವ ನೀರಿನ ಕೊಡ ಬರಿದಾಗಿದ್ದರೆ ನೋಡಿದವರು ತುಂಬಿಸುತ್ತಿದ್ದರು. ಶೌಚದ ನೀರಿನ ಕೊಡ ಬರಿದಾಗಿದ್ದರೂ ನೋಡಿದವರೇ ತುಂಬಿಸುತ್ತಿದ್ದರು. ಒಬ್ಬರಿಗೆ ಎತ್ತಲು ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುತ್ತಿದ್ದರು.

ಒಂದು ಕ್ಷಣ ಇಲ್ಲಿ ನಿಲ್ಲೋಣ. ಕೌಶಾಂಬಿಯಲ್ಲಿ ಸಂಘ ಒಡೆದದ್ದು ಶೌಚದ ಪಾತ್ರೆಯ ನೀರಿಗೆ. ಇಲ್ಲಿ ಅದೇ ನೀರಿನ ಕೊಡವನ್ನು ಯಾರು ಬರಿದು ಮಾಡಿದರು ಎಂದು ಕೇಳುವವರೇ ಇಲ್ಲ. ಕಂಡವರು ತುಂಬಿಸಿದರು, ಅಷ್ಟೇ.

ಅವರು ದಿನವೆಲ್ಲ ಮಾತಾಡುತ್ತಿರಲಿಲ್ಲ, ನಿಜ. ಆದರೆ ಐದು ದಿನಕ್ಕೊಮ್ಮೆ ಮೂವರೂ ಕೂತು ಇಡೀ ರಾತ್ರಿ ಧರ್ಮದ ಮಾತಾಡುತ್ತಿದ್ದರು. ಬುದ್ಧ ಅವರನ್ನು ಮನಸಾರೆ ಮೆಚ್ಚಿಕೊಂಡ.

ಇನ್ನೊಂದು ಗುಂಪಿನ ಕಥೆ ಕೇಳಿ. ಕೋಸಲ ದೇಶದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೆಡೆ ತಂಗಿದರು. ಜಗಳವಾಗದೆ ಇರುವುದು ಹೇಗೆ ಎಂದು ಯೋಚಿಸಿದರು. ಒಬ್ಬರನ್ನೊಬ್ಬರು ಮಾತಾಡಿಸುವುದೇ ಬೇಡ ಎಂದು ಗೊತ್ತು ಮಾಡಿಕೊಂಡರು. ಅವರೂ ಆಸನ ಹಾಸಿದರು, ಕೊಡ ತುಂಬಿಸಿದರು, ಕೈಸನ್ನೆ ಮಾಡಿದರು. ಮಳೆಗಾಲ ಮುಗಿದ ಮೇಲೆ ಬುದ್ಧನ ಬಳಿ ಬಂದು, ನೆಮ್ಮದಿಯಿಂದ ಇದ್ದೆವು ಎಂದರು. ಬುದ್ಧ ಮೆಚ್ಚಲಿಲ್ಲ. ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ ದನಗಳ ಬಾಳಿಗೂ ಇದಕ್ಕೂ ವ್ಯತ್ಯಾಸವೇನು ಎಂಬ ಅರ್ಥದಲ್ಲಿ ಗದರಿಸಿದ. ಮೂಗವ್ರತವನ್ನು ನಿಷೇಧಿಸಿದ.

ಎರಡೂ ಗುಂಪಿನ ದಿನಚರಿ ಒಂದೇ. ಒಬ್ಬರಿಗೆ ಮೆಚ್ಚುಗೆ, ಇನ್ನೊಬ್ಬರಿಗೆ ಗದರಿಕೆ. ಏಕೆ? ನನಗೆ ಕಾಣುವ ವ್ಯತ್ಯಾಸ ಆ ಐದನೆಯ ರಾತ್ರಿ. ಮೂವರ ಮೌನದ ಕೊನೆಯಲ್ಲಿ ಮಾತಿತ್ತು. ಕೋಸಲದವರ ಮೌನ ಮಾತಿನ ಭಯದಿಂದ ಹುಟ್ಟಿದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಈ ಎರಡನೆಯ ಮೌನವಿದೆ. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿರುತ್ತವೆ. ಜಗಳವಿಲ್ಲ ಎಂದು ಹೊರಗಿನವರು ಅಂದುಕೊಂಡಿರುತ್ತಾರೆ.

ಹಾಗಾದರೆ ಬುದ್ಧ ಆ ಮೌನದ ಜಾಗದಲ್ಲಿ ಇಟ್ಟದ್ದು ಏನು? ಅದರ ಹೆಸರು ಪವಾರಣ. ಪವಾರಣ ಎಂದರೆ ಆಹ್ವಾನ. ಮಳೆಗಾಲದ ವಾಸ ಮುಗಿಯುವ ಹುಣ್ಣಿಮೆಯ ದಿನ ಸಂಘವೆಲ್ಲ ಸೇರುತ್ತದೆ. ಒಬ್ಬೊಬ್ಬರೂ ಕುಕ್ಕರುಗಾಲಲ್ಲಿ ಕೂತು, ಕೈಮುಗಿದು, ಮೂರು ಸಲ ಬೇಡಿಕೊಳ್ಳುತ್ತಾರೆ. ನನ್ನ ತಪ್ಪು ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಕಿವಿಗೆ ಬಿದ್ದಿದ್ದರೆ, ಅನುಮಾನವಾದರೂ ಬಂದಿದ್ದರೆ, ಕರುಣೆಯಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ ಎಂಬುದು ಆ ಬೇಡಿಕೆಯ ತಾತ್ಪರ್ಯ.

ಮೊದಲು ಕೇಳುವವರು ಯಾರು ಗೊತ್ತೇ? ಎಲ್ಲರಿಗಿಂತ ಹಿರಿಯರು. ಒಮ್ಮೆ ಶ್ರಾವಸ್ತಿಯಲ್ಲಿ ಬುದ್ಧನೇ ಮೊದಲು ಸಂಘವನ್ನು ಕೇಳಿದ ಎಂದು ಗ್ರಂಥ ಹೇಳುತ್ತದೆ. ನನ್ನ ನಡೆಯಲ್ಲಿ, ನುಡಿಯಲ್ಲಿ ಏನಾದರೂ ಕುಂದು ಕಂಡಿರಾ ಎಂದು ಕೇಳಿದ. ಹಿರಿಯರು ಹೀಗೆ ಕೇಳಿದ ಮೇಲೆ ಕಿರಿಯರಿಗೆ ಹೇಳುವ ಧೈರ್ಯವೂ ಬರುತ್ತದೆ, ಕೇಳುವ ವಿನಯವೂ ಬರುತ್ತದೆ.

ಇದುವರೆಗೆ ಎರಡು ಸಂಗತಿ ಆಯಿತು. ಬೆನ್ನ ಹಿಂದಿನ ಮಾತು ಸಂಘವನ್ನು ಒಡೆಯಿತು. ಭಯದ ಮೌನವೂ ಸಂಘಕ್ಕೆ ಸಲ್ಲಲಿಲ್ಲ. ತಿದ್ದುವ ಮಾತು ಬೇಕೇ ಬೇಕು ಎಂದಾಯಿತು. ಈಗ ಮೂರನೆಯದು. ಯಾವ ಮಾತು ತಿದ್ದುತ್ತದೆ, ಯಾವ ಮಾತು ಹೀಯಾಳಿಸುತ್ತದೆ?

ಬೌದ್ಧರ ಥೇರವಾದ ಸಂಪ್ರದಾಯದಲ್ಲಿ ಭಿಕ್ಷುಗಳಿಗೆ 227 ನಿಯಮಗಳಿವೆ. ಹದಿನೈದು ದಿನಕ್ಕೊಮ್ಮೆ, ಹುಣ್ಣಿಮೆ ಅಮಾವಾಸ್ಯೆಗಳಂದು, ಅವನ್ನು ಸಭೆಯಲ್ಲಿ ಪಠಿಸುತ್ತಾರೆ. ಅವುಗಳಲ್ಲಿ ಪಾಚಿತ್ತಿಯ ಎಂಬ ಒಂದು ವರ್ಗದಲ್ಲಿ 92 ನಿಯಮಗಳು. ಆ ವರ್ಗದ ಮೊದಲ ಮೂರೂ ಮಾತಿಗೆ ಸಂಬಂಧಿಸಿದವು. ಮೊದಲನೆಯದು ತಿಳಿದೂ ಸುಳ್ಳು ಹೇಳುವುದು. ಎರಡನೆಯದು ಹೀಯಾಳಿಸುವುದು. ಮೂರನೆಯದು ಚಾಡಿ ಹೇಳುವುದು.

ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೀಯಾಳಿಸುವ ದಾರಿ ಎಷ್ಟಿವೆ ಎಂದು ವಿನಯ ಗ್ರಂಥ ಎಣಿಸುತ್ತದೆ. ಹತ್ತು ಎನ್ನುತ್ತದೆ. ಹುಟ್ಟಿದ ಜಾತಿ, ಹೆಸರು, ಗೋತ್ರ, ಮಾಡುವ ಕೆಲಸ, ಕಸುಬು, ಕಾಯಿಲೆ, ಮೈಯ ಆಕಾರ ಹೀಗೆ ಸಾಗುತ್ತದೆ ಆ ಪಟ್ಟಿ. ಪಟ್ಟಿಯ ಮೊದಲಲ್ಲೇ ಜಾತಿ ಇದೆ. ಹೇಳಿದ್ದು ನಿಜವಾದರೂ ತಪ್ಪು ತಪ್ಪೇ. ಎದುರಿನವರನ್ನು ಕುಗ್ಗಿಸುವ ಉದ್ದೇಶವಿದ್ದರೆ ಸಾಕು. ಕುಂಟುವವರನ್ನು ಕುಂಟ ಎಂದು ಕೂಗಿದವರು, ಇದ್ದದ್ದು ಇದ್ದ ಹಾಗೆ ಹೇಳಿದೆ ಎಂದು ಅಲ್ಲಿ ತಪ್ಪಿಸಿಕೊಳ್ಳುವಂತಿರಲಿಲ್ಲ.

ಈ ನಿಯಮ ಏಕೆ ಬೇಕಾಯಿತು ಎಂಬುದನ್ನು ಉಪಾಲಿಯನ್ನು ನೆನೆದರೆ ತಿಳಿಯುತ್ತದೆ. ಉಪಾಲಿ ಶಾಕ್ಯ ರಾಜಕುಮಾರರ ಕ್ಷೌರಿಕ. ರಾಜಕುಮಾರರೂ ಅವನೂ ಒಟ್ಟಿಗೆ ದೀಕ್ಷೆಗೆ ಬಂದರು. ರಾಜಕುಮಾರರೇ ಬುದ್ಧನನ್ನು ಬೇಡಿಕೊಂಡರು. ಉಪಾಲಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಅವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಶಾಕ್ಯಕುಲದ ಸೊಕ್ಕು ಇಳಿಯುತ್ತದೆ ಎಂದರು. ಮುಂದೆ ವಿನಯ ಬಲ್ಲವರಲ್ಲಿ ಅಗ್ರಗಣ್ಯ ಎನಿಸಿಕೊಂಡವನು ಅದೇ ಉಪಾಲಿ. ಇಂಥ ಸಂಘದಲ್ಲಿ ಒಬ್ಬರ ಹುಟ್ಟನ್ನು ಎತ್ತಿ ಆಡಿದರೆ ಆ ಮನೆಯ ತೊಲೆಯೇ ಬೀಳುತ್ತದೆ.

ಈ ನಿಯಮದ ಜೊತೆಗೇ ಒಂದು ಎತ್ತಿನ ಕಥೆ ಬರುತ್ತದೆ. ರೈತ ಬಂಧುಗಳಿಗೆ ಇದು ಬೇಗ ಹಿಡಿಸುತ್ತದೆ. ತಕ್ಷಶಿಲೆಯಲ್ಲಿ ಒಬ್ಬ ಬ್ರಾಹ್ಮಣನ ಬಳಿ ನಂದಿವಿಶಾಲ ಎಂಬ ಎತ್ತಿತ್ತು. ತನ್ನನ್ನು ಸಾಕಿದ ಋಣ ತೀರಿಸಬೇಕೆಂದು ಎತ್ತೇ ಒಂದು ಉಪಾಯ ಹೇಳಿತು. ನೂರು ಬಂಡಿಗಳನ್ನು ಒಟ್ಟಿಗೆ ಕಟ್ಟಿ, ಮರಳು ಕಲ್ಲು ಹೇರಿ, ನನ್ನಿಂದ ಎಳೆಸು, ಸಾವಿರ ಹಣದ ಪಂದ್ಯ ಕಟ್ಟು ಎಂದಿತು. ಬ್ರಾಹ್ಮಣ ಕಟ್ಟಿದ. ನೊಗ ಹೂಡಿ, ಬಾರುಕೋಲು ಎತ್ತಿ, ಎಳೆಯೋ ಮೋಸಗಾರ ಎಂದು ಗದರಿಸಿದ. ಎತ್ತು ನಾಲ್ಕು ಕಾಲನ್ನೂ ಕಂಬದಂತೆ ಊರಿ ನಿಂತುಬಿಟ್ಟಿತು. ಸಾವಿರ ಹೋಯಿತು. ಮನೆಗೆ ಬಂದು ಮಲಗಿದ ಒಡೆಯನನ್ನು ಎತ್ತು ಕೇಳಿತು. ಇಷ್ಟು ವರ್ಷದಲ್ಲಿ ನಾನು ಒಂದು ಮಡಕೆ ಒಡೆದೆನೇ, ಯಾರಿಗಾದರೂ ಹಾಯ್ದೆನೇ, ನನ್ನನ್ನೇಕೆ ಹಾಗೆ ಕರೆದೆ ಎಂದು ಕೇಳಿತು. ಎರಡನೆಯ ಸಲ ಎರಡು ಸಾವಿರದ ಪಂದ್ಯ. ಈ ಸಲ ಒಡೆಯ ಬೆನ್ನು ಸವರಿ, ಒಳ್ಳೆಯ ಮಾತಾಡಿ ಎಳೆ ಎಂದ. ನೂರು ಬಂಡಿಯೂ ಕದಲಿದವು. ಜಾತಕ ಕಥೆಗಳಲ್ಲಿ ಇದು 28ನೆಯದು.

ಹೀಯಾಳಿಸಬಾರದು ಎಂದಾಯಿತು. ಸಿಹಿಯಾಗಿ ಮಾತಾಡಬೇಕು ಎಂದಾಯಿತು. ಹಾಗಾದರೆ ಕಹಿಯಾದ ನಿಜವನ್ನು ಹೇಳುವುದೇ ಬೇಡವೇ? ಇದು ನಾಲ್ಕನೆಯ ಪ್ರಶ್ನೆ.

ಇದೇ ಪ್ರಶ್ನೆಯನ್ನು ರಾಜಗೃಹದಲ್ಲಿ ಅಭಯ ಎಂಬ ರಾಜಕುಮಾರ ಬುದ್ಧನಿಗೆ ಕೇಳಿದ. ಇನ್ನೊಬ್ಬರಿಗೆ ಹಿಡಿಸದ ಮಾತನ್ನು ನೀವು ಆಡುತ್ತೀರಾ ಎಂದ. ಹೌದು ಎಂದರೂ ಸಿಕ್ಕಿಬೀಳಬೇಕು, ಇಲ್ಲ ಎಂದರೂ ಸಿಕ್ಕಿಬೀಳಬೇಕು, ಅಂಥ ಪ್ರಶ್ನೆ. ಆಗ ಅಭಯನ ತೊಡೆಯ ಮೇಲೆ ಒಂದು ಎಳೆಯ ಮಗು ಮಲಗಿತ್ತು. ಬುದ್ಧ ಆ ಮಗುವನ್ನೇ ತೋರಿಸಿ ಕೇಳಿದ. ಈ ಮಗು ಒಂದು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ? ಅಭಯ ಹೇಳಿದ, ತಕ್ಷಣ ತೆಗೆಯುತ್ತೇನೆ. ಸುಲಭಕ್ಕೆ ಬಾರದಿದ್ದರೆ ಎಡಗೈಯಲ್ಲಿ ತಲೆ ಹಿಡಿದು, ಬಲಗೈ ಬೆರಳು ಬಗ್ಗಿಸಿ, ರಕ್ತ ಬಂದರೂ ತೆಗೆಯುತ್ತೇನೆ. ಏಕೆಂದರೆ ಮಗುವಿನ ಮೇಲೆ ನನಗೆ ಕರುಣೆಯಿದೆ.

ಉತ್ತರ ಅಲ್ಲೇ ಸಿಕ್ಕಿತು. ನಿಜವಾದ, ಹಿತವಾದ ಮಾತು ಕಹಿಯಾಗಿದ್ದರೂ ಹೇಳಬೇಕು. ಆದರೆ ಹೊತ್ತು ನೋಡಿ ಹೇಳಬೇಕು. ತಾಯಿ ಮಗುವಿನ ಬಾಯಿಗೆ ಬೆರಳು ಹಾಕುವಾಗ ಎಡಗೈಯಲ್ಲಿ ತಲೆ ಹಿಡಿದಿರುತ್ತಾಳೆ. ಆ ಎಡಗೈಯನ್ನು ನಾವು ಮರೆಯುತ್ತೇವೆ.

ನಾನೂ ಒಮ್ಮೆ ಮರೆತಿದ್ದೆ. ಬಹಳ ವರ್ಷಗಳ ಹಿಂದಿನ ಮಾತು. ಒಂದು ಚಿಕ್ಕ ವಾಚನಾಲಯದ ಸಮಿತಿಯಲ್ಲಿ ನಾನಿದ್ದೆ. ಲೆಕ್ಕ ಬರೆಯುತ್ತಿದ್ದವರು ನಿವೃತ್ತ ಮೇಷ್ಟರು. ಸಂಬಳವಿಲ್ಲದೆ ಬರೆಯುತ್ತಿದ್ದರು. ವಾರ್ಷಿಕ ಸಭೆಯಲ್ಲಿ ಅವರು ಲೆಕ್ಕ ಓದಿದರು. ಕೂಡುವುದರಲ್ಲಿ 40 ರೂಪಾಯಿ ವ್ಯತ್ಯಾಸ ಬಂದಿತ್ತು. ನಾನು ಎದ್ದು ನಿಂತು, ಎಲ್ಲರೆದುರು ಅದನ್ನು ಹೇಳಿದೆ. ನಾನು ಹೇಳಿದ್ದು ನಿಜ. ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಪುಸ್ತಕವನ್ನು ನಿಧಾನವಾಗಿ ಮಡಿಸಿ ಮೇಜಿನ ಮೇಲಿಟ್ಟರು. ಮುಂದಿನ ತಿಂಗಳಿಂದ ಅವರು ಬರಲಿಲ್ಲ. ಸಭೆ ಮುಗಿದ ಮೇಲೆ ಅವರ ಮನೆಗೆ ಹೋಗಿ, ಮೇಷ್ಟ್ರೇ ಒಂದು ಮಾತು ಹೇಳಲೇ ಎಂದು ಕೇಳಬಹುದಿತ್ತು. ಅವರ ಮನೆ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಭಿಕ್ಷು ಸಂಘದಲ್ಲಿ ತಪ್ಪು ತೋರಿಸುವವರಿಗೆ ಐದು ಪರೀಕ್ಷೆಗಳಿದ್ದವು. ಹೊತ್ತು ಸರಿಯೇ? ಮಾತು ನಿಜವೇ? ಮೃದುವಾಗಿದೆಯೇ? ಅದರಿಂದ ಹಿತವಿದೆಯೇ? ಮನಸ್ಸಿನಲ್ಲಿ ಮೈತ್ರಿ ಇದೆಯೇ, ದ್ವೇಷವಿದೆಯೇ? ಆ ದಿನ ನನ್ನ ಮಾತು ಎರಡನೆಯ ಪರೀಕ್ಷೆಯೊಂದರಲ್ಲಿ ಮಾತ್ರ ಗೆದ್ದಿತ್ತು. ನಿಜ ಹೇಳಿದೆ ಎಂಬ ಹೆಮ್ಮೆಯಲ್ಲಿ ಉಳಿದ ನಾಲ್ಕು ನೆನಪಾಗಲಿಲ್ಲ.

ಮತ್ತೊಮ್ಮೆ ನೆನಪಿಸುತ್ತೇನೆ. ಅವಕಾಶ ಕೇಳಬೇಕು. ಹೀಯಾಳಿಸಬಾರದು. ನಿಜವನ್ನು ಹೊತ್ತು ನೋಡಿ, ಮೈತ್ರಿಯಿಂದ ಹೇಳಬೇಕು. ಇಷ್ಟು ಕೇಳಿದ ಮೇಲೆ, ಬೌದ್ಧರಲ್ಲಿ ಬಿಸಿಯಾದ ವಾದವೇ ಇಲ್ಲವೇನೋ ಎಂದು ನಿಮಗೆ ಅನ್ನಿಸಬಹುದು. ಇದೆ. ಅದನ್ನು ಕೇಳಲು ದೂರ ಹೋಗಬೇಕಿಲ್ಲ. ಮೈಸೂರು ಜಿಲ್ಲೆಯ ಬೈಲುಕುಪ್ಪೆಗೆ ಹೋದರೆ ಸಾಕು.

ಅಲ್ಲಿಯ ಸೆರಾ ವಿಹಾರದಲ್ಲಿ ಟಿಬೆಟಿನ ಭಿಕ್ಷುಗಳು ಅಂಗಳದಲ್ಲಿ ವಾದ ಮಾಡುತ್ತಾರೆ. ಗೋಡೆಯಾಚೆ ನಿಂತರೆ ನಿಮಗೆ ಮೊದಲು ಕೇಳುವುದು ಚಪ್ಪಾಳೆ. ಒಂದಲ್ಲ, ನೂರಾರು. ಬಿಸಿಲಿಗೆ ಒಣಗಿದ ಕಾಯಿಗಳು ಸಿಡಿದ ಹಾಗೆ. ಉತ್ತರ ಕೊಡುವವರು ನೆಲದ ಮೇಲೆ ಕೂತಿರುತ್ತಾರೆ. ಪ್ರಶ್ನೆ ಕೇಳುವವರು ನಿಂತಿರುತ್ತಾರೆ. ಪ್ರಶ್ನೆ ಮುಗಿಯುತ್ತಲೇ ಕಾಲು ಎತ್ತಿ ನೆಲಕ್ಕೆ ಅಪ್ಪಳಿಸಿ, ಒಂದು ಅಂಗೈಯಿಂದ ಇನ್ನೊಂದಕ್ಕೆ ಫಟ್ಟೆಂದು ಹೊಡೆಯುತ್ತಾರೆ. ಕೂಗಾಟ ಕೇಳಿದರೆ ಜಗಳ ಹತ್ತಿತು ಅನ್ನಿಸುತ್ತದೆ.

ಆದರೆ ಅಲ್ಲಿ ಎಲ್ಲಕ್ಕೂ ಕಟ್ಟುಪಾಡಿದೆ. ವಾದ ಶುರುವಾಗುವುದು 'ಧೀಃ' ಎಂಬ ಅಕ್ಷರದಿಂದ. ಅದು ಪ್ರಜ್ಞೆಯ ಬೋಧಿಸತ್ವ ಮಂಜುಶ್ರೀಯ ಬೀಜಾಕ್ಷರ. ಕೂತವರು ಕೊಡಬಹುದಾದ ಉತ್ತರಗಳು ಕೆಲವೇ. ಒಪ್ಪುತ್ತೇನೆ ಎನ್ನಬಹುದು. ಕಾರಣ ಸಾಬೀತಾಗಿಲ್ಲ ಎನ್ನಬಹುದು. ಆ ಕಾರಣದಿಂದ ಆ ತೀರ್ಮಾನ ಹೊರಡುವುದಿಲ್ಲ ಎನ್ನಬಹುದು. ಎದುರಿನವರ ಊರು, ಕೇರಿ, ಮುಖ ಯಾವುದನ್ನೂ ಎತ್ತಲು ಅಲ್ಲಿ ಜಾಗವೇ ಇಲ್ಲ. ಏಟು ಬೀಳುವುದು ವಾದದ ಮೇಲೆ. ಬಿಸಿಯನ್ನು ಅವರು ಬೇಡ ಎನ್ನಲಿಲ್ಲ. ಬಿಸಿಗೆ ಒಲೆ ಕಟ್ಟಿಕೊಟ್ಟರು.

ಇಷ್ಟೆಲ್ಲ ಮಾಡಿದರೂ ಕೆಲವರು ತಿದ್ದಿಕೊಳ್ಳುವುದಿಲ್ಲ. ಕೆಲವು ಜಗಳ ತೀರುವುದಿಲ್ಲ. ಆಗ ಏನು? ಇದು ಐದನೆಯ, ಕೊನೆಯ ಪ್ರಶ್ನೆ.

ತಿದ್ದಿಕೊಳ್ಳದ ಒಬ್ಬರ ಉದಾಹರಣೆ ಛನ್ನ. ಮುಂದೆ ಬುದ್ಧನಾದ ಸಿದ್ಧಾರ್ಥ ಅರಮನೆ ಬಿಟ್ಟ ರಾತ್ರಿ ಜೊತೆಗಿದ್ದ ಸಾರಥಿ ಅವನು. ಭಿಕ್ಷುವಾದ ಮೇಲೆ ಆ ಹಳೆಯ ನಂಟಿನ ಹೆಮ್ಮೆ ತಲೆಗೇರಿತ್ತು. ಯಾರು ಬುದ್ಧಿ ಹೇಳಿದರೂ ತಿರುಗಿ ಬೀಳುತ್ತಿದ್ದ. ಬುದ್ಧ ತನ್ನ ಕೊನೆಯ ದಿನಗಳಲ್ಲಿ ಛನ್ನನಿಗೆ ಬ್ರಹ್ಮದಂಡ ವಿಧಿಸಿ ಎಂದು ತನ್ನ ಶಿಷ್ಯ ಆನಂದನಿಗೆ ಹೇಳಿದ. ಬ್ರಹ್ಮದಂಡ ಎಂದರೆ ಹೊಡೆತವಲ್ಲ, ಗಡೀಪಾರಲ್ಲ. ಅವನು ಏನು ಬೇಕಾದರೂ ಹೇಳಲಿ, ಅವನಿಗೆ ಯಾರೂ ಏನೂ ಹೇಳಬಾರದು. ಬುದ್ಧಿಮಾತೂ ಬೇಡ, ತಿದ್ದುವ ಮಾತೂ ಬೇಡ. ಆನಂದ ಈ ಆಜ್ಞೆಯನ್ನು ಮುಟ್ಟಿಸಿದ್ದು ಅದೇ ಕೌಶಾಂಬಿಯ ಘೋಷಿತಾರಾಮದಲ್ಲಿ. ಕೇಳಿ ಛನ್ನ ಮೂರ್ಛೆ ಹೋದ. ಇನ್ನು ಮುಂದೆ ನನ್ನನ್ನು ತಿದ್ದುವವರೇ ಇಲ್ಲ ಎಂಬುದು ಅವನಿಗೆ ಸಾವಿನಂತೆ ಕಂಡಿತು. ಆಮೇಲೆ ಏಕಾಂತಕ್ಕೆ ಹೋಗಿ ಸಾಧನೆ ಮಾಡಿ ಅರ್ಹಂತನಾದ, ಅಂದರೆ ಬಂಧನ ಕಳಚಿದವನಾದ. ದಂಡ ತಾನಾಗಿಯೇ ಬಿದ್ದುಹೋಯಿತು.

ತೀರದ ಜಗಳಕ್ಕೂ ಒಂದು ದಾರಿಯಿತ್ತು. ಸಂಘದಲ್ಲಿ ವ್ಯಾಜ್ಯ ತೀರಿಸುವ ವಿಧಾನಗಳು ಏಳು. ಮೊದಲನೆಯದು ಎಲ್ಲರೂ ಮುಖಾಮುಖಿ ಕೂತು ತೀರಿಸುವುದು. ಏಳನೆಯದರ ಹೆಸರು ಹುಲ್ಲಿನಿಂದ ಮುಚ್ಚುವುದು. ದಾರಿಯಲ್ಲಿ ಹೇಸಿಗೆ ಬಿದ್ದಿದ್ದರೆ ಕೆದಕಿದಷ್ಟೂ ನಾತ ಹೆಚ್ಚು. ಅದರ ಮೇಲೆ ಹುಲ್ಲು ಹಾಕಿ ಮುಚ್ಚುತ್ತಾರಲ್ಲ, ಹಾಗೆ. ಎರಡೂ ಕಡೆ ಬೈದಾಟ ಮಿತಿಮೀರಿ, ಯಾರು ಯಾವಾಗ ಏನಂದರು ಎಂದು ಕೆದಕಿದರೆ ಇನ್ನೂ ಬಿಗಡಾಯಿಸುತ್ತದೆ ಎನ್ನಿಸಿದಾಗ, ಸಂಘವೆಲ್ಲ ಒಟ್ಟಿಗೆ ಸೇರಬೇಕು. ಒಂದೊಂದು ಕಡೆಯಿಂದ ಒಬ್ಬೊಬ್ಬರು ಎದ್ದು, ನಮ್ಮ ಕಡೆಯಿಂದಲೂ ತಪ್ಪಾಗಿದೆ ಎಂದು ಎಲ್ಲರ ಪರವಾಗಿ ಒಪ್ಪಿಕೊಳ್ಳಬೇಕು. ಆದರೆ ಘೋರ ತಪ್ಪುಗಳಿಗೆ ಈ ಹುಲ್ಲಿಲ್ಲ. ಗೃಹಸ್ಥರಿಗೆ ಮಾಡಿದ ಅನ್ಯಾಯಕ್ಕೂ ಇಲ್ಲ. ಮಾನ ಮುಚ್ಚುವ ಹೆಸರಿನಲ್ಲಿ ಅನ್ಯಾಯ ಮುಚ್ಚಬಾರದು ಎಂಬ ಎಚ್ಚರ ಅವರಿಗಿತ್ತು.

ಕೌಶಾಂಬಿಯ ಜಗಳ ಏನಾಯಿತು ಎಂದು ನೀವು ಕೇಳುತ್ತಿರಬಹುದು. ಅದು ತೀರಿತು. ತೀರಿಸಿದವರು ಊರಿನ ಸಾಮಾನ್ಯ ಜನ. ಇವರ ದೆಸೆಯಿಂದ ಬುದ್ಧ ನಮ್ಮ ಊರು ಬಿಟ್ಟು ಹೋದ ಎಂದು ಅವರು ನೊಂದರು. ಜಗಳವಾಡುವ ಭಿಕ್ಷುಗಳಿಗೆ ಕೈ ಮುಗಿಯುವುದನ್ನು ಬಿಟ್ಟರು. ಭಿಕ್ಷೆ ನೀಡುವುದನ್ನೂ ಬಿಟ್ಟರು. ಬರಿಯ ಪಾತ್ರೆ ಹಿಡಿದು ಭಿಕ್ಷುಗಳು ಶ್ರಾವಸ್ತಿಗೆ ಬುದ್ಧನನ್ನು ಹುಡುಕಿಕೊಂಡು ಹೋದರು. ಹೊರಗಾಗಿದ್ದ ಭಿಕ್ಷು ಒಬ್ಬರೇ ಕೂತು ಯೋಚಿಸಿ, ತಪ್ಪು ನನ್ನದೇ ಎಂದು ತಾವಾಗಿಯೇ ಒಪ್ಪಿಕೊಂಡರು. ಹೊರಗಿಟ್ಟವರು ಅವರನ್ನು ಒಳಗೆ ಕರೆದುಕೊಂಡರು. ಸಂಘ ಮತ್ತೆ ಒಂದಾಯಿತು.

ಮುಂದೆ ಅಶೋಕ ಚಕ್ರವರ್ತಿ ಕೌಶಾಂಬಿಯ ತನ್ನ ಅಧಿಕಾರಿಗಳಿಗೇ ಒಂದು ಕಂಬದ ಮೇಲೆ ಆಜ್ಞೆ ಬರೆಸಿದ. ಸಂಘ ಒಡೆಯುವವರನ್ನು ಬಿಳಿಬಟ್ಟೆ ಉಡಿಸಿ ವಿಹಾರದಿಂದ ಹೊರಗಿಡಬೇಕು ಎಂಬುದು ಆ ಆಜ್ಞೆ. ಆ ಕಂಬ ಈಗ ಅಲಹಾಬಾದ್ ಕೋಟೆಯಲ್ಲಿದೆ.

ಅಶೋಕ ಬರೆಸಿದ ಇನ್ನೊಂದು ಮಾತು ನಮ್ಮ ನೆಲದಲ್ಲೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿ, ಭೀಮಾ ನದಿಯ ದಡದ ಊರು. 1980ರ ದಶಕದಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ಮೂರ್ತಿಗೆ ಪೀಠವಾಗಿದ್ದ ಒಂದು ಕಲ್ಲುಚಪ್ಪಡಿ ಬೆಳಕಿಗೆ ಬಂತು. ಪೀಠಕ್ಕಾಗಿ ಅದರ ನಡುವೆ ರಂಧ್ರ ಕೊರೆದಿದ್ದರು. ಅದರ ಮೇಲೆ ಅಶೋಕನ ಬ್ರಾಹ್ಮಿ ಅಕ್ಷರಗಳಿದ್ದವು. ಅವನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಅಲ್ಲಿದೆ. ಆ ಶಾಸನದ ಸಾರವೇ ವಾಕ್ಕಿನ ಕಾವಲು. ನಮ್ಮ ಮತವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಮತವನ್ನು ತೆಗಳಬಾರದು, ಹೇಳಲೇಬೇಕಾದ ಸಂದರ್ಭ ಬಂದರೂ ಹದವಾಗಿ ಹೇಳಬೇಕು, ಪರರನ್ನು ಹಳಿದವನು ತನ್ನದಕ್ಕೇ ಕೇಡು ಮಾಡಿಕೊಳ್ಳುತ್ತಾನೆ ಎಂಬುದು ಅದರ ಅಭಿಪ್ರಾಯ. ಭಿಕ್ಷುಗಳ ವಿಹಾರದ ಶಿಸ್ತು ಹೀಗೆ ಒಂದು ನಾಡಿನ ಶಿಸ್ತಾಗಿ, ಸುಮಾರು 2250 ವರ್ಷಗಳ ಹಿಂದೆಯೇ ನಮ್ಮ ಭೀಮಾ ತೀರಕ್ಕೆ ಬಂದಿತ್ತು.

ಕೇಳುಗ ಬಂಧುಗಳೇ, ಹೇಳಿದ್ದನ್ನು ಕೂಡಿಸುತ್ತೇನೆ. ಎದುರಿಗೆ ಮುಗಿದ ಮಾತನ್ನು ಬೆನ್ನ ಹಿಂದೆ ತೆಗೆಯದಿರುವುದು. ಭಯದ ಮೌನವನ್ನು ಶಾಂತಿ ಎಂದುಕೊಳ್ಳದಿರುವುದು. ಹುಟ್ಟು, ಕಸುಬು, ಮೈಕಟ್ಟು ಎತ್ತಿ ಆಡದಿರುವುದು. ನಿಜ ಹೇಳುವಾಗ ಎಡಗೈಯಲ್ಲಿ ತಲೆ ಹಿಡಿದಿರುವುದು. ಹಿರಿಯರು ತಾವೇ ಮೊದಲು ನನ್ನ ತಪ್ಪು ಹೇಳಿ ಎಂದು ಕೇಳುವುದು. ಇವು ಯಾವುವೂ ಭಿಕ್ಷುಗಳಿಗೆ ಮಾತ್ರ ಮೀಸಲಾದವಲ್ಲ.

ನಾಳೆ ನಿಮಗೂ ಯಾರಿಗಾದರೂ ಏನಾದರೂ ಹೇಳಬೇಕಾಗುತ್ತದೆ. ಮಗನಿಗೆ, ಸೊಸೆಗೆ, ಕೈಕೆಳಗಿನವರಿಗೆ, ಪಕ್ಕದ ಮನೆಯವರಿಗೆ. ಆಗ ಒಂದು ಮಾತು ಹೇಳಲೇ ಎಂದು ಕೇಳಿ. ಕೇಳಿದ ಮೇಲೆ ಒಂದು ಉಸಿರಿನಷ್ಟು ಕಾಯಿರಿ. ಅವರು ಹೇಳಿ ಎನ್ನಲಿ. ಈಗ ಬೇಡ, ನಾಳೆ ಹೇಳಿ ಎಂದರೆ ನಾಳೆಯೇ ಹೋಗಿ. ನಮ್ಮ ಮೇಷ್ಟರ ಮನೆಯ ಆ ನಾಲ್ಕು ಹೆಜ್ಜೆಯನ್ನು ನಾನು ನಡೆಯಲಿಲ್ಲ. ನೀವು ನಡೆಯಿರಿ.